ಹಲಗೆಯ ಕೆಳಗಿನ ಕೆಮ್ಮಣ್ಣು

ಸ್ವಾತಂತ್ರ್ಯ ಬಂದ ಮರುವರ್ಷ ನಾನು ಹುಬ್ಬಳ್ಳಿಯಲ್ಲಿ ಕಟ್ಟಡದ ನಕ್ಷೆ ಬರೆಯುವುದನ್ನು ಕಲಿತು ಬೆಟಗೇರಿಗೆ ಮರಳಿದೆ. ಅಪ್ಪ ಮಗ್ಗದ ಕುಣಿಯಿಂದ ಏಳದೆಯೇ ನನ್ನ ಹಾಳೆಗಳನ್ನು ನೋಡಿ, "ಸೀರಿ ಅಂಚಿಗಿಂತ ಇದರಾಗ ಗೆರಿ ಭಾಳ ಅದಾವಲ್ಲೊ" ಎಂದು ನಕ್ಕಿದ್ದರು. ನನಗೆ ಸಿಕ್ಕ ಮೊದಲ ದೊಡ್ಡ ಕೆಲಸ, ನಮ್ಮ ಓಣಿಯ ಗರಡಿಮನೆ ಇದ್ದ ಜಾಗದಲ್ಲಿ ಹೊಸ ಆಟದ ಮಂದಿರಕ್ಕೆ ನಕ್ಷೆ ತೆಗೆಯುವುದು.

ಆ ಗರಡಿಯಲ್ಲಿ ನಾನೂ ನಾಲ್ಕು ವರ್ಷ ಮೈಗೆ ಮಣ್ಣು ಹಚ್ಚಿಕೊಂಡವನೇ. ಕಲಿಸಿದ ವಸ್ತಾದರು ಡಂಬಳದ ಕಡೆಯವರು. ಹೆಂಡತಿ ತೀರಿಕೊಂಡ ಮೇಲೆ ಗರಡಿಗೆ ಹತ್ತಿದ ಕೋಣೆಯಲ್ಲೇ ಇದ್ದರು. ಬೆಳಗ್ಗೆ ಎದ್ದವರೇ ಕೆಮ್ಮಣ್ಣನ್ನು ಗುದ್ದಲಿಯಿಂದ ತಿರುವಿ, ಮಜ್ಜಿಗೆ, ಎಣ್ಣೆ, ಅರಿಸಿನ ಬೆರೆಸಿ ಹದ ಮಾಡುವರು. ಆಮೇಲೆ ಬೆರಳಾಡಿಸಿ ಒಂದೊಂದೇ ಹೆಂಟೆ ಹುಡುಕಿ ಪುಡಿ ಮಾಡುವರು.

ಮಂದಿರ ಕಟ್ಟಲು ಹೊರಟ ಹಿರಿಯರಿಗೆ ಅರಳೆ ವ್ಯಾಪಾರದ ಸಾಹುಕಾರರೊಬ್ಬರು ಮುಂದಾಳು. "ಒಂದ ಛತ್ತಿನ ಕೆಳಗ ಕುಸ್ತಿನೂ ಆಗಬೇಕು, ಬ್ಯಾಡ್ಮಿಂಟನ್ನೂ ಆಗಬೇಕು, ಸಭಾನೂ ಆಗಬೇಕು. ಊರಾಗ ಎಷ್ಟಂತ ಕಟ್ಟೂದು?" ಎಂದರು.

ನಾನು ಹದಿನೈದು ದಿನ ಕೂತು ಉಪಾಯ ತೆಗೆದೆ. ಮಂದಿರದ ನಡುವೆ ಕುಸ್ತಿಯ ಕುಣಿ, ಅದರ ಮೇಲೆ ಸಾಗವಾನಿಯ ಹಲಗೆಗಳ ಮುಚ್ಚಳ. ಹಲಗೆ ಎತ್ತಿದರೆ ಗರಡಿ, ಹಾಸಿದರೆ ಬೇರೆ ಆಟದ ನೆಲ. ಒಂದೊಂದು ಹಲಗೆಗೂ ನಾಲ್ಕು ಜನ ಕೈಹಚ್ಚಬೇಕಿತ್ತು. ಗರಡಿಯಲ್ಲಿ ಪೈಲ್ವಾನರಿಗೆ ಏನು ಬರ? ಹಾಗೆಂದುಕೊಂಡೆ.

ವಸ್ತಾದರ ಒಪ್ಪಿಗೆಯಿಲ್ಲದೆ ಹಳೆಯ ಗೋಡೆ ಮುಟ್ಟಲು ಯಾರಿಗೂ ಧೈರ್ಯವಿರಲಿಲ್ಲ. ಅವರನ್ನು ಒಪ್ಪಿಸಲು ನನ್ನನ್ನೇ ಕಳಿಸಿದರು. ನಕ್ಷೆಯನ್ನು ಅವರ ಮುಂದೆ ಹಾಸಿ, ಕುಣಿ ಎಲ್ಲಿ, ಹಲಗೆ ಎಲ್ಲಿ ಎಂದು ಬೆರಳಿಟ್ಟು ತೋರಿಸಿದೆ. ಬಹಳ ಹೊತ್ತು ನೋಡಿದರು. ಅವರಿಗೆ ಓದು ಬರುತ್ತಿರಲಿಲ್ಲ.

"ಈ ಹಲಗಿ ದಿನಾ ಎತ್ತತಾರೇನ ತಮ್ಮಾ?"

"ಎತ್ತತಾರ್ರಿ ವಸ್ತಾದರ. ನಾ ಅದೀನಲ್ರಿ."

"ನೀ ಹೇಳಿದ್ರ ಆತು" ಎಂದು ಎದ್ದು ಹೋದರು.

ಗೋಡೆಗಳು ಒಂದೇ ವಾರದಲ್ಲಿ ನೆಲಕ್ಕೆ ಬಂದವು. ಮೇಲೇಳಲು ವರ್ಷಗಳು ಹಿಡಿದವು. ಆಗ ಸಿಮೆಂಟಿಗೆ ಪರ್ಮಿಟ್ ಬೇಕು, ತಗಡಿಗೂ ಬೇಕು. ಒಂದು ಬಂದರೆ ಇನ್ನೊಂದಿಲ್ಲ. ಅಷ್ಟರಲ್ಲಿ ಹುಡುಗರು ಚದುರಿದರು. ಕೆಲವರು ಲಕ್ಷ್ಮೇಶ್ವರದ ಗರಡಿಗೆ ನಡೆದರು, ಕೆಲವರು ಗಿರಣಿ ಸೇರಿದರು, ಉಳಿದವರು ಮದುವೆಯಾಗಿ ಮಗ್ಗಕ್ಕೆ ಕೂತರು. ಮಂದಿರ ಮುಗಿದಾಗ ವಸ್ತಾದರ ಬಳಿ ಉಳಿದವರು ಐದೇ ಜನ. ಅವರು ಎಲ್ಲ ಹಲಗೆ ಎತ್ತುವಷ್ಟರಲ್ಲಿ ಬಿಸಿಲೇರಿ ಬ್ಯಾಡ್ಮಿಂಟನ್ ಆಡುವವರು ಬಾಗಿಲಲ್ಲಿ ನಿಂತಿರುತ್ತಿದ್ದರು. ನಾನು ಮೊದಲ ತಿಂಗಳು ಕೈಹಚ್ಚಿದೆ. ಆಮೇಲೆ ಶಿರಹಟ್ಟಿಯಲ್ಲಿ ಒಂದು ಶಾಲೆಯ ಕೆಲಸ ಬಂತು, ಹೋಗಿಬಿಟ್ಟೆ.

ಒಂದು ಮಳೆಗಾಲ ಹಲಗೆಗಳ ಮೇಲೆ ಜೋಳದ ಚೀಲ ಒಟ್ಟಿದರು. ಚೀಲ ತೆಗೆದ ಮೇಲೆ ಏಕೀಕರಣದ ಸಭೆಗಳು. ರಾಜ್ಯ ಒಂದಾದ ದಿನ ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಜನ ಕುಣಿಯುತ್ತಿದ್ದರು, ಶಿರಹಟ್ಟಿಯಿಂದ ಮರಳಿದ್ದ ನಾನೂ ಜೈಕಾರ ಹಾಕಿದೆ. ವಸ್ತಾದರು ತಲೆಗೆ ಹೊಸ ರುಮಾಲು ಸುತ್ತಿ ಕಂಬಕ್ಕೆ ಒರಗಿ ನಿಂತಿದ್ದರು. ಗದ್ದಲ ಕರಗಿದ ಮೇಲೆ ಹತ್ತಿರ ಬಂದು, "ನಾಳೆ ಒಂದ ಸಲ ತಗಸ್ತೀಯೇನ?" ಎಂದರು.

ಮರುದಿನ ನಾಲ್ಕು ಜನ ಹಮಾಲರನ್ನು ಕರೆದು ಹಲಗೆ ಎತ್ತಿಸಿದೆ. ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಕೆಮ್ಮಣ್ಣಿನ ಮೇಲೆ ಬೂದಿಯಂಥ ಬಿಳಿ ಬೂಷ್ಟು, ಅಂಚಿನ ತುಂಬ ಗೆದ್ದಲು. ವಸ್ತಾದರು ಕುಣಿಗಿಳಿದು ಒಂದು ಹಿಡಿ ತೆಗೆದು ಮೂಸಿದರು. ಮಣ್ಣು ಕಲ್ಲಿನಂತೆ ಗಡ್ಡೆಗಟ್ಟಿತ್ತು.

"ಕಪ್ಪತಗುಡ್ಡದ ಕಡಿಂದ ಹೊಸಾ ಮಣ್ಣ ತರಸ್ತೀನ್ರಿ" ಎಂದೆ.

"ಮಣ್ಣ ತರಬಹುದು ತಮ್ಮಾ. ಹುಡುಗರನ್ನ ಎಲ್ಲಿಂದ ತರ್ತಿ?"

ಆ ವಾರವೇ ಅವರು ಟ್ರಂಕು ಹೊತ್ತು ಡಂಬಳಕ್ಕೆ ಹೋದರು. ಕುಣಿ ತುಂಬಿಸಿ ಗಚ್ಚು ಹಾಕೋಣವೆಂದು ಸಾಹುಕಾರರು ಹೇಳಿದರು. ಅದರ ನಕ್ಷೆಯನ್ನೂ ನಾನೇ ಬರೆದುಕೊಟ್ಟೆ. ನಾನು ಬರೆಯದಿದ್ದರೆ ಬೇರೆಯವರು ಬರೆಯುತ್ತಿದ್ದರು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದರಿಂದ ಏನೂ ಹಗುರಾಗಿಲ್ಲ.

ವರ್ಷವಾದ ಮೇಲೆ ಮುಂಡರಗಿಗೆ ಹೋಗುವಾಗ ಡಂಬಳದಲ್ಲಿ ಇಳಿದು ಹುಡುಕಿದೆ. ವಸ್ತಾದರು ತಂಗಿಯ ಮನೆಯ ಕಟ್ಟೆಯ ಮೇಲೆ ಕೂತು ಉಳ್ಳಾಗಡ್ಡಿ ಆರಿಸುತ್ತಿದ್ದರು. ತೋಳು ಇಳಿಬಿದ್ದಿದ್ದವು. ರೊಟ್ಟಿ ತಿನ್ನಿಸಿದರು, ಅಪ್ಪನ ಮಗ್ಗದ ಬಗ್ಗೆ ಕೇಳಿದರು. ಮಂದಿರದ ಮಾತು ಎತ್ತಲೇ ಇಲ್ಲ.

"ವಸ್ತಾದರ, ಆವತ್ತ ನಾ..." ಎಂದು ಬಾಯಿ ತೆರೆದೆ.

"ಜಲ್ದಿ ನಡಿ, ಮುಂದ ಬಸ್ಸಿಲ್ಲ ನಿನಗ" ಎಂದು ಮತ್ತೆ ಉಳ್ಳಾಗಡ್ಡಿಗೆ ಕೈ ಹಾಕಿದರು.

ನಾನು ನಡೆದೆ. ಅವರನ್ನು ನೋಡಿದ್ದು ಅದೇ ಕೊನೆ.