ಅಮ್ಮನ ಎಡೆಗೆ ಏನಿಡಲಿ?

ಮಹಾಲಯ ಅಮಾವಾಸ್ಯೆಗೆ ನಮ್ಮ ಮನೆಯಲ್ಲಿ ತೀರಿಕೊಂಡವರಿಗೆ ಎಡೆ ಇಡುತ್ತೇವೆ. ಅವರು ಇಷ್ಟಪಟ್ಟು ತಿನ್ನುತ್ತಿದ್ದುದನ್ನೇ ಬಾಳೆಲೆಯಲ್ಲಿ ಬಡಿಸಿ, ಬಾಗಿಲು ಮುಚ್ಚಿ, ಅವರು ಬಂದು ಉಂಡು ಹೋಗಲೆಂದು ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತೇವೆ. ಅಪ್ಪನದು ಸುಲಭ. ಮುದ್ದೆ, ಕೋಳಿ ಸಾರು, ಪಕ್ಕದಲ್ಲೊಂದು ಕ್ವಾರ್ಟರ್ ಬಾಟಲಿ. ಅಪ್ಪ ಬದುಕಿದ್ದಾಗ ಅದೇ ಬಾಟಲಿಗಾಗಿ ಬೀದಿಗೆ ಕೇಳುವಂತೆ ಜಗಳವಾಡುತ್ತಿದ್ದ ಅಮ್ಮ, ಆವತ್ತು ಮಾತ್ರ ತಾನೇ ಮುಚ್ಚಳ ತಿರುಗಿಸಿ ಇಡುತ್ತಿದ್ದಳು.

ಅಮ್ಮ ಹೋಗಿ ವರ್ಷ ಕಳೆದು, ಈ ಸಲ ಅವಳಿಗೂ ಎಡೆ ಇಡಬೇಕಾಯಿತು. ಬ್ಯಾಟರಾಯನಪುರದ ಮನೆಯಲ್ಲಿ ಈಗ ನಾನೊಬ್ಬಳೇ. ಸಾಮಾನಿನ ಚೀಟಿ ಬರೆಯಲು ಕೂತೆ, ಮೊದಲನೆಯ ಸಾಲೇ ಹೊಳೆಯಲಿಲ್ಲ. ನಲವತ್ತಾರು ವರ್ಷ ಒಂದೇ ಸೂರಿನಡಿ ಇದ್ದೆವು. ಅವಳಿಗೇನು ಇಷ್ಟವೆಂದು ನನಗೆ ಗೊತ್ತಿರಲಿಲ್ಲ. ನಾನು ಕೈ ತೊಳೆದ ಮೇಲೆ ಪಾತ್ರೆಯಲ್ಲಿ ಉಳಿದದ್ದೇ ಅವಳ ಊಟ. ಕೇಳಿದರೆ, "ನಂಗೆಲ್ಲಾ ಆಗುತ್ತೆ ಕಣೇ" ಅನ್ನುತ್ತಿದ್ದಳು. ನನಗೂ ಅದು ಅನುಕೂಲವಾಗಿಯೇ ಇತ್ತು.

ಶೆಟ್ಟಿಹಳ್ಳಿಯ ಚಿಕ್ಕಮ್ಮನಿಗೆ, ಅಂದರೆ ಅಮ್ಮನ ತಂಗಿಗೆ, ಫೋನ್ ಮಾಡಿದೆ.

"ಅಕ್ಕಂಗಾ? ನಿಂಗೇನ್ ಇಷ್ಟಾನೋ ಅದೇ ಮಾಡಿಡು. ಅವ್ಳೂ ಅದೇ ತಿಂತಿದ್ಲಲ್ಲ."

ಸಿಟ್ಟು ಬಂತು. ಚಿಕ್ಕಮ್ಮನದೇನು ತಪ್ಪು? ಫೋನನ್ನು ಮಂಚದ ಮೇಲೆ ಎಸೆದೆ. ಕೊನೆಗೆ ಪಾಯಸ, ವಡೆ ಎಂದು ಬರೆದುಕೊಂಡು ಹೊರಟೆ.

ಬಸ್‌ಸ್ಟಾಪಿನ ಬಳಿಯ ಬೇಕರಿಯಲ್ಲಿ ಖಾರ ಮಿಕ್ಸ್ಚರ್ ಕಟ್ಟಿಸುವಾಗ ಅಂಗಡಿಯವರು ಕೇಳಿದರು:

"ಅಮ್ಮಂಗೆ ಎಡೆಗಾ ಮೇಡಂ? ಮತ್ತೆ ದಿಲ್‌ಪಸಂದ್ ತಗೊಳ್ಳಲ್ವಾ?"

"ಅದ್ಯಾಕೆ?"

"ಗುರುವಾರ ಗುರುವಾರ ಬರೋರಲ್ಲ! ಒಂದು ಪೀಸ್ ಇಲ್ಲೇ ನಿಂತ್ಕೊಂಡು ತಿನ್ನೋರು. ಕಟ್ಕೊಡ್ಲಾ ಅಂದ್ರೆ, ಬೇಡಪ್ಪಾ, ಮನೆಗೆ ತಗೊಂಡೋದ್ರೆ ಮಗಳಿಗೇ ಕೊಟ್ಬಿಡ್ತೀನಿ, ಅನ್ನೋರು."

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಕೊಬ್ಬರಿ ಹೂರಣದ ಆ ದಿಲ್‌ಪಸಂದ್ ಒಂದು ಪೀಸ್ ಕಟ್ಟಿಸಿಕೊಂಡು, ಚಿಲ್ಲರೆಯನ್ನೂ ತೆಗೆದುಕೊಳ್ಳದೆ ಬಂದೆ.

ಮಧ್ಯಾಹ್ನ ಎರಡೂ ಎಲೆ ಬಡಿಸಿ, ಅಮ್ಮನ ಎಲೆಯ ಮೇಲೆ ದಿಲ್‌ಪಸಂದ್ ಇಟ್ಟು, ಬಾಗಿಲು ಮುಚ್ಚಿ ಹೊರಗೆ ನಿಂತೆ. ಜಕ್ಕೂರಿನ ಕಡೆಯಿಂದ ಪುಟ್ಟ ವಿಮಾನವೊಂದು ಗುಂಯ್‌ಗುಟ್ಟುತ್ತಾ ಸುತ್ತು ಹೊಡೆಯುತ್ತಿತ್ತು. ಪ್ರತಿ ವರ್ಷ ಇಲ್ಲಿ ನಾವಿಬ್ಬರೂ ನಿಲ್ಲುತ್ತಿದ್ದೆವು. ನಾನು ಹಸಿವು ಅಂತ ಗೊಣಗಿದರೆ ಅಮ್ಮ, "ಇರೇ, ನಿಮ್ಮಪ್ಪ ತಿನ್ನೋದು ನಿಧಾನ" ಅನ್ನುತ್ತಿದ್ದಳು. ಈಗ ಗೊಣಗುವುದಕ್ಕೂ ಯಾರೂ ಇರಲಿಲ್ಲ. ಅಷ್ಟು ಒಂಟಿತನ ಅವಳು ಹೋದ ದಿನವೂ ನನಗೆ ಅನ್ನಿಸಿರಲಿಲ್ಲ.

ಅರ್ಧ ಗಂಟೆಯಾಯಿತು, ಮುಕ್ಕಾಲಾಯಿತು. ಬಾಗಿಲು ತೆಗೆಯಲು ಕೈ ಬರಲಿಲ್ಲ. ಎಡೆಗೆ ಇಟ್ಟದ್ದನ್ನು ಆಮೇಲೆ ಮನೆಯವರೇ ತಿನ್ನಬೇಕು. ಮನೆಯಲ್ಲಿರುವುದು ನಾನೊಬ್ಬಳೇ. ಈ ಸಲವೂ ಅವಳ ಪಾಲು ನನಗೇ ಬರುತ್ತಿತ್ತು.