ನಾನು ಕೂತರೆ ಬಿಸಿಯಾಗುವ ಲ್ಯಾಪ್‌ಟಾಪ್

ನಮ್ಮ ನಿಶ್ ಊರಿನಲ್ಲಿ ವಿದೋಸಾವಾಳ ದನಿ ಕೇಳದವರಿಲ್ಲ, ಮುಖ ಗೊತ್ತಿರುವವರು ಕಡಿಮೆ. ನಿವೃತ್ತಿಯಾಗುವ ತನಕ ರೈಲು ನಿಲ್ದಾಣದ ಧ್ವನಿವರ್ಧಕದ ಹಿಂದೆ ಕೂತವಳು ಅವಳೇ. ಸೋಫಿಯಾದ ಗಾಡಿ ಇನ್ನೂ ಗಡಿ ದಾಟಿಲ್ಲ, ಬೆಲ್‌ಗ್ರೇಡಿನ ಗಾಡಿ ಯಾವಾಗ ಬರುತ್ತದೋ ದೇವರಿಗೇ ಗೊತ್ತು ಎಂಬ ಸಮಾಚಾರವನ್ನೂ ಮದುವೆಗೆ ಕರೆದ ಹಾಗೆ ಹೇಳುತ್ತಿದ್ದಳು. ಜನ ಸಿಟ್ಟಾಗುವುದನ್ನು ಮರೆತು ಬೆಂಚಿನ ಮೇಲೆ ಕೂತುಬಿಡುತ್ತಿದ್ದರು. ಆ ದನಿಯನ್ನು ಊರೆಲ್ಲ ಹಂಚಿಕೊಂಡಿದ್ದಾಗ ನನಗೆ ಒಂದು ದಿನವೂ ಬೇಸರವಾಗಿರಲಿಲ್ಲ. ಸಂಜೆ ಐದಕ್ಕೆ ಅದು ಮನೆಗೆ ಬಂದು ನನ್ನದಾಗುತ್ತಿತ್ತಲ್ಲ!

ನಾನು ದೇಸಾಂಕಾ, ಅವಳ ಎದುರು ಬಾಗಿಲಿನವಳು. ನನಗೆ ಅವಳು ವಿದಾ, ಅವಳಿಗೆ ನಾನು ದೇಸಾ. ಟಿವಿ ಕಾರ್ಖಾನೆಯಲ್ಲಿ ಬೆಸುಗೆ ಹಾಕುತ್ತಿದ್ದೆ. ಕಾರ್ಖಾನೆ ಮುಚ್ಚಿದ ಮೇಲೆ ಅಕ್ಕಪಕ್ಕದವರ ರೇಡಿಯೋ, ಇಸ್ತ್ರಿಪೆಟ್ಟಿಗೆಗಳನ್ನು ನನ್ನ ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿ ಜೋಡಿಸಿ ಬದುಕು ನಡೆಸಿದೆ. ಮದುವೆ ಕೂಡಿಬರಲಿಲ್ಲ. ವಿದಾಳಿಗೆ ಗಂಡನಿದ್ದ, ಗ್ವೋಜ್ದೆನ್ ಅಂತ, ಒಳ್ಳೆಯ ಮನುಷ್ಯ. ಅವನು ತೀರಿಕೊಂಡ ವರ್ಷ ಅವಳು ಅಳುವುದಕ್ಕೆ ನನ್ನ ಮನೆಗೇ ಬರುತ್ತಿದ್ದಳು. ತನ್ನ ಮನೆಯಲ್ಲಿ ಅತ್ತರೆ ಗೋಡೆಯ ಮೇಲಿನ ಫೋಟೋದಲ್ಲಿ ಅವನಿಗೆ ಬೇಜಾರಾಗುತ್ತದಂತೆ. ಆಗಿನಿಂದ ಸಂಜೆ ಐದರ ಕಾಫಿ ತಪ್ಪಿದ್ದಿಲ್ಲ. ಒಂದೊಂದು ಚಮಚ ಚೆರ್ರಿ ಮುರಬ್ಬ, ಒಂದೊಂದು ಲೋಟ ತಣ್ಣೀರು, ಆಮೇಲೆ ಕಾಫಿ. ಕುಡಿದಾದ ಮೇಲೆ ಕಪ್ಪು ಬೋರಲು ಹಾಕಿ ಗಸಿಯಲ್ಲಿ ಒಬ್ಬರ ಭವಿಷ್ಯ ಒಬ್ಬರು ನೋಡುವುದು. ಈ ವಯಸ್ಸಿನಲ್ಲಿ ಇನ್ನೇನು ಭವಿಷ್ಯ ಉಳಿದಿತ್ತೋ, ಆದರೂ ನೋಡುತ್ತಿದ್ದೆವು.

ಆ ಸುಖಕ್ಕೆ ಕಲ್ಲು ಹಾಕಿದವನು ಅವಳ ತಂಗಿಯ ಮಗ ಓಗ್ನ್ಯೆನ್. ತನಗೆ ಹೊಸದು ಕೊಂಡು ಹಳೆಯ ಲ್ಯಾಪ್‌ಟಾಪನ್ನು ದೊಡ್ಡಮ್ಮನಿಗೆ ಕೊಟ್ಟ. ಆಟಕ್ಕೆಂದೇ ಮಾಡಿದ ಯಂತ್ರ. ಹಲಗೆಯಷ್ಟು ದಪ್ಪ, ಕೀಲಿಗಳ ಕೆಳಗೆ ಕೆಂಪು ನೀಲಿ ದೀಪ. ಅಡುಗೆ ವಿಡಿಯೋ ನೋಡಲಿ ಎಂದು ಕೊಟ್ಟನಂತೆ. ಒಳಗೆ ಅವನು ಬಿಟ್ಟುಹೋದ ಒಂದು ಆಟವಿತ್ತು, ಕೋಟೆ ಕಾಯುವ ಆಟ. ಬೇರೆ ಬೇರೆ ಊರಿನ ಐವರು ಸೇರಿ ಒಂದು ಪಾಳಯ, ಎದುರಿಗೆ ಇನ್ನೊಂದು ಪಾಳಯ. ವಿದಾ ಸುಮ್ಮನೆ ಒತ್ತಿ ನೋಡಿದಳು. ಎರಡು ತಿಂಗಳಲ್ಲಿ ತನ್ನ ಪಾಳಯಕ್ಕೆ ಅವಳೇ ಯಜಮಾನಿ. ಬಾಣ ಬಿಡುವುದಕ್ಕೆ ಬಾರದಿದ್ದರೇನು, ಕೂಗುವುದಕ್ಕೆ ಬರುತ್ತದಲ್ಲ! "ಉತ್ತರದ ಬಾಗಿಲಿಗೆ ಇಬ್ಬರು ಬನ್ನಿ. ಬುರುಜಿನ ಮೇಲಿರೋರು ಕೆಳಗಿಳೀಬೇಡಿ" ಎಂದು ಅವಳು ಹೇಳಿದರೆ ಯಾವ ಊರಿನ ಯಾವ ಹುಡುಗನಾದರೂ ಎರಡು ಮಾತಾಡದೆ ಓಡಬೇಕು.

ಆ ಐವರಲ್ಲಿ ಒಬ್ಬಳು ಯಾಗೊದಾ. ಗಡಿಯಾಚೆ ಓಸಿಯೆಕ್‌ನವಳು, ಬಟ್ಟೆ ಹೊಲಿಯುವವಳು, ನಮಗಿಂತ ಚಿಕ್ಕವಳು. ಕಿವಿಗೆ ಹೆಡ್‌ಫೋನ್ ಹಾಕಿದರೆ ಕೂದಲು ಅಪ್ಪಚ್ಚಿಯಾಗುತ್ತದೆ ಎಂದು ವಿದಾ ಸ್ಪೀಕರಿನಲ್ಲೇ ಮಾತಾಡುವವಳು, ಹಾಗಾಗಿ ಆ ಹೆಂಗಸಿನ ಒಂದೊಂದು ಮಾತೂ ನನ್ನ ಕಿವಿಗೆ ಬೀಳುತ್ತಿತ್ತು. "ಅಕ್ಕಾ, ನೀನಿಲ್ಲದಿದ್ರೆ ನಮ್ಮ ಕೋಟೆ ಬೂದಿನೇ!" "ಅಕ್ಕಾ, ನಿನ್ನ ದನಿ ಕೇಳಿದ್ರೆ ಹೊಲಿಗೆ ಮಿಷನ್ನೂ ತಾನಾಗೇ ಓಡುತ್ತೆ!" ಅಕ್ಕನಂತೆ! ಮುಖ ನೋಡಿಲ್ಲ, ಒಂದು ದಿನ ಕಾಫಿ ಕಾಯಿಸಿ ಕೊಟ್ಟಿಲ್ಲ, ಗ್ವೋಜ್ದೆನ್ ಸತ್ತಾಗ ಎಲ್ಲಿದ್ದಳೋ ಏನೋ, ಈಗ ಅಕ್ಕ! ವಿದಾ ಅದಕ್ಕೆ ಕಿಲಕಿಲ ನಗುವಳು. ನನ್ನ ಜೊತೆ ಹಾಗೆ ನಕ್ಕು ಯಾವ ಕಾಲವಾಯಿತೋ. ನನ್ನ ಹೊಟ್ಟೆಯೊಳಗೆ ಒಲೆ ಹಚ್ಚಿದಂತಾಗುತ್ತಿತ್ತು.

ಆದರೂ ನಾನು ಹೋಗುವುದನ್ನು ಬಿಡಲಿಲ್ಲ. ಅವಳು ಕಾಫಿ ಕಾಯಿಸುವುದನ್ನು ಮರೆತರೆ ನಾನೇ ಕಾಯಿಸಿ, ಪಾತ್ರೆ ಹಿಡಿದುಕೊಂಡು ಐದಕ್ಕೆ ಸರಿಯಾಗಿ ಹೋಗಿ, ಅವಳ ಮೇಜಿನ ಎಡಗಡೆಯ ಸೋಫಾದಲ್ಲಿ ಕೂರುತ್ತಿದ್ದೆ. ಮಾತಾಡದಿದ್ದರೆ ಹೋಗಲಿ. ನಾನು ಜಾಗ ಬಿಟ್ಟರೆ ಆ ಓಸಿಯೆಕ್‌ನವಳು ಅಲ್ಲೂ ಬಂದು ಕೂರುತ್ತಾಳೆ ಎನ್ನಿಸುತ್ತಿತ್ತು.

ಜುಲೈನಲ್ಲಿ ಯಂತ್ರ ಕೈಕೊಡಲು ಶುರುವಾಯಿತು. ಆಟದ ನಡುವೆ ಒಳಗಿನ ಫ್ಯಾನು ಹುಯಿಲಿಡುವುದು, ಕೀಲಿಗಳು ಬೆರಳು ಸುಡುವುದು, ಪರದೆಯ ಮೇಲಿನ ಸೈನಿಕರು ಕೆಸರಲ್ಲಿ ಕಾಲು ಹೂತವರ ಹಾಗೆ ತೆವಳುವುದು. "ಅಯ್ಯೋ, ನಿಂತೇಹೋಯ್ತಲ್ಲೇ ದೇಸಾ!" ಎಂದು ವಿದಾ ಕೈಕೈ ಹಿಸುಕಿಕೊಳ್ಳುವಳು. ಅಷ್ಟರಲ್ಲಿ ಕೋಟೆ ಹೋಗಿರುತ್ತಿತ್ತು. ಸುಳ್ಳೇಕೆ ಹೇಳಲಿ, ನನಗೆ ಹಾಲು ಕುಡಿದಷ್ಟು ಸಂತೋಷ. "ಪಾಪ, ಹಳೇದಲ್ವಾ" ಎಂದು ಮೇಲೆ ಮೇಲೆ ಮರುಗಿ, ಇನ್ನೊಂದು ಲೋಟ ಕಾಫಿ ಬಗ್ಗಿಸಿಕೊಂಡೆ.

ಆದರೆ ಅವಳು ಕೇಳಿದ್ದು ನನ್ನನ್ನೇ. "ಅಂಗಡಿಯವರ ಕೈಗೆ ಕೊಡಲ್ಲ ನಾನು. ನೀನು ನೋಡು. ಬರೋ ಭಾನುವಾರ ಕೊನೇ ಪಂದ್ಯ ಕಣೇ, ಇಡೀ ಬೇಸಿಗೆ ಆಡಿದ್ದೆಲ್ಲ ಅದಕ್ಕೇ."

ಕೆಲಸ ಅಂದರೆ ಕೆಲಸ. ಹೊಟ್ಟೆಕಿಚ್ಚು ನನಗೆ ಯಾಗೊದಾಳ ಮೇಲೆ, ಯಂತ್ರ ಏನು ಮಾಡಿತ್ತು? ಮನೆಗೆ ತಂದು ಬೆನ್ನಿನ ತಿರುಪು ಬಿಚ್ಚಿದೆ. ಫ್ಯಾನಿನ ಬಾಯಲ್ಲಿ ಧೂಳು ಕಂಬಳಿಯ ಹಾಗೆ ಹೆಪ್ಪುಗಟ್ಟಿತ್ತು, ಕಿತ್ತು ತೆಗೆದೆ. ಚಿಪ್ಪಿನ ಶಾಖವನ್ನು ತಾಮ್ರದ ಪಟ್ಟಿಗೆ ದಾಟಿಸಬೇಕಾದ ಪೇಸ್ಟು ಒಣಗಿ ಸುಣ್ಣವಾಗಿತ್ತು. ಅದನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಬಟಾಣಿಯಷ್ಟು ಹೊಸದನ್ನು ಹಚ್ಚಿದೆ. ಮುಚ್ಚಿ, ಅದೇ ಆಟ ಹಾಕಿ ಮಧ್ಯಾಹ್ನವಿಡೀ ಓಡಿಸಿದೆ. ಮೈ ಬೆಚ್ಚಗಾಯಿತೇ ಹೊರತು ಸುಡಲಿಲ್ಲ. ವಾಪಸು ಕೊಟ್ಟೆ.

ಸಂಜೆ ಐದಕ್ಕೆ ಹೋಗಿ ಕೂತೆ. ಕಾಫಿ ಅರ್ಧ ಮುಗಿದಿರಲಿಲ್ಲ, ಮತ್ತೆ ಹುಯಿಲು. ಪರದೆಯ ಮೂಲೆಯಲ್ಲಿ ತೊಂಬತ್ತೈದು ಡಿಗ್ರಿ ಎಂದು ಕೆಂಪಗೆ ತೋರಿಸುತ್ತಿತ್ತು. ಮೈ ಅಷ್ಟು ಕಾದರೆ ಸುಟ್ಟುಹೋಗದಿರಲಿ ಎಂದು ಯಂತ್ರ ತಾನಾಗಿಯೇ ನಿಧಾನವಾಗುತ್ತದೆ, ಅದರ ತಪ್ಪಿಲ್ಲ. ಕೋಣೆಯ ಸೆಕೆಯಿರಬಹುದೇ? ಒಂದು ಕಿಟಕಿ ತೆರೆದಿತ್ತು, ಇನ್ನೊಂದು ಮುಚ್ಚಿತ್ತು, ಬಾಗಿಲ ಸಂದಿಗೆ ಉಣ್ಣೆಯ ಸುರುಳಿ ಇಟ್ಟಿತ್ತು, ಎಲ್ಲರ ಮನೆಯಲ್ಲೂ ಇರುವ ಹಾಗೆ. ಎರಡು ಕಿಟಕಿ ಒಟ್ಟಿಗೆ ತೆರೆದು ನಡುವೆ ಗಾಳಿ ಹಾಯಲು ಬಿಡುವಷ್ಟು ಬುದ್ಧಿಗೇಡಿಗಳು ನಮ್ಮಲ್ಲಿ ಯಾರಿದ್ದಾರೆ? ಆ ಗಾಳಿ ಬಡಿದು ಕತ್ತು ಹಿಡಿದುಕೊಂಡರೆ ಅನುಭವಿಸುವವರು ಯಾರು? ನನ್ನ ಮನೆಯಲ್ಲೂ ಸೆಕೆ ಇಷ್ಟೇ ಇತ್ತು. ಮರುದಿನ ಮತ್ತೆ ಬಿಚ್ಚಿದೆ. ಒಳಗೆ ಎಲ್ಲ ಸರಿಯಾಗಿತ್ತು. ಅಡಿಗೆ ಗಾಳಿಯಾಡಲಿ ಎಂದು ವೈನ್ ಬಾಟಲಿಯ ಎರಡು ಬಿರಡೆ ಕೊಟ್ಟು ಎತ್ತರಿಸಿದೆ. ನನ್ನ ಮೇಜಿನ ಮೇಲೆ ತಣ್ಣಗೆ ಓಡಿತು. ಅವಳ ಮೇಜಿನ ಮೇಲೆ ಸಂಜೆಗೆ ಮತ್ತೆ ಕೆಂಡ.

"ನಾಲ್ಕು ಗಂಟೆಗೆ ಚೆನ್ನಾಗೇ ಆಡಿದ್ನಲ್ಲ" ಎಂದು ವಿದಾ ನನ್ನ ಮುಖ ನೋಡದೆ ಹೇಳಿದಳು.

ಆಗ ಸ್ಪೀಕರಿನಿಂದ ಯಾಗೊದಾಳ ದನಿ ಬಂತು. ನಾನು ಅಲ್ಲೇ ಕೂತಿರುವುದು ಅವಳಿಗೆ ಗೊತ್ತಿರಲಿಲ್ಲ. "ಅಕ್ಕಾ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನಿನ್ನ ಎದುರುಮನೆಯವಳು ಬಂದಾಗಲೇ ಇದು ಕೈಕೊಡೋದು, ನೀನೇ ಲೆಕ್ಕ ಹಾಕಿ ನೋಡು. ದೃಷ್ಟಿ ಕಣಕ್ಕಾ, ದೃಷ್ಟಿ! ನೀರಿಗೆ ಕೆಂಡ ಹಾಕಿ ದೃಷ್ಟಿ ತೆಗೆಸು. ಭಾನುವಾರ ಮಾತ್ರ ಆ ಹೆಂಗಸನ್ನ ಒಳಗೆ ಬಿಡಬೇಡ."

ವಿದಾ ಈಗ ಬಯ್ಯುತ್ತಾಳೆ, ಈಗ ಮುಖಕ್ಕೆ ಮಂಗಳಾರತಿ ಎತ್ತುತ್ತಾಳೆ ಎಂದು ಕಾದೆ. ನಿಲ್ದಾಣವನ್ನೇ ನಡುಗಿಸಿದ ದನಿ ಅದು. ಅವಳು ಮೆಲ್ಲಗೆ "ನೋಡೋಣ" ಎಂದಳು. ಅಷ್ಟೇ. ನಾನು ಲೋಟ ಎತ್ತಿಕೊಂಡು ಮನೆಗೆ ಬಂದೆ. ಬಾಗಿಲು ಹಾಕಿಕೊಂಡು ಯಾಗೊದಾಳನ್ನು ಬಾಯಿಗೆ ಬಂದಂತೆ ಬೈದೆ. ಆಮೇಲೆ ವಿದಾಳನ್ನು ಬೈಯಲು ಹೋಗಿ ಅತ್ತುಬಿಟ್ಟೆ.

ಮರುದಿನ ಹೋದರೆ ಲ್ಯಾಪ್‌ಟಾಪಿನ ಪರದೆ ಮಡಚುವ ಕೀಲಿಗೆ ಒಂದು ಕೆಂಪು ದಾರ ಕಟ್ಟಿತ್ತು.

"ಏನೇ ಇದು?"

"ಸುಮ್ನೆ. ಚೆಂದಕ್ಕೆ."

ಚೆಂದಕ್ಕಂತೆ! ಹುಟ್ಟಿದ ಮಗುವಿನ ಕೈಗೆ ಕೆಂಪು ದಾರ ಯಾತಕ್ಕೆ ಕಟ್ಟುತ್ತಾರೆ ಎಂದು ನನಗೆ ಗೊತ್ತಿಲ್ಲವೇ? ಇಷ್ಟು ವರ್ಷ ಒಂದೇ ಕಾಫಿ ಪಾತ್ರೆಯಲ್ಲಿ ಕುಡಿದವಳು ನನ್ನ ಕಣ್ಣಿಗೆ ಹೆದರಿ ದಾರ ಕಟ್ಟಿದ್ದಳು. ಅದಕ್ಕಿಂತ ಕೆಟ್ಟದ್ದೆಂದರೆ, ನನಗೂ ಅನುಮಾನ ಹತ್ತಿತು. ಅದು ಹಾಳಾಗಲಿ ಎಂದು ದಿನಾ ಮನಸ್ಸಿನಲ್ಲಿ ಅಂದುಕೊಂಡವಳು ನಾನೇ ತಾನೆ? ನನ್ನ ಕಣ್ಣೇ ತಾಗಿದ್ದರೆ? ಪರೀಕ್ಷೆ ಮಾಡಿಬಿಡೋಣವೆಂದು ಆ ಸಂಜೆ ಯಂತ್ರದ ಕಡೆ ತಿರುಗಿಯೂ ನೋಡದೆ, ಗೋಡೆ ನೋಡುತ್ತ ಕೂತೆ. ಆಗಲೂ ಕಾದು ನಿಂತಿತು. ಕಣ್ಣಲ್ಲ ಎಂದು ಅವಳಿಗೆ ಹೇಗೆ ಹೇಳಲಿ? ಭಾನುವಾರದೊಳಗೆ ಕಾಯಿಲೆ ಸಿಗದಿದ್ದರೆ ಆ ಬಾಗಿಲು ನನ್ನ ಮುಖಕ್ಕೆ ಮುಚ್ಚುತ್ತದೆ. ಒಂದು ಸಲ ಮುಚ್ಚಿದರೆ ಸೋಮವಾರ ತೆರೆಯುತ್ತದೆ ಎಂದು ಯಾರು ಕಂಡರು?

ಶನಿವಾರ ಸಂಜೆ ಹಟ ಹಿಡಿದು ಕೂತೆ. ಆಟ ನಡೆಯುತ್ತಿದ್ದ ಹಾಗೆಯೇ ಯಂತ್ರದ ಮೈ ಮುಟ್ಟಿ ಮುಟ್ಟಿ ನೋಡತೊಡಗಿದೆ. ಬಲಗಡೆ ಬಿಸಿ, ಹಿಂದೆ ಬಿಸಿ. ಎಡಗಡೆಗೆ ಕೈ ಹಾಕಿದರೆ ವಿದಾಳ ಕ್ರೋಶಾ ಬಟ್ಟೆ. ಅವಳ ಮನೆಯಲ್ಲಿ ಟಿವಿಗೊಂದು, ಫ್ರಿಜ್ಜಿಗೊಂದು ಕ್ರೋಶಾ ಹೊದಿಕೆ. ಲ್ಯಾಪ್‌ಟಾಪಿಗೂ ಹೆಣೆದಿದ್ದಳು. ಆಡುವಾಗ ಮಡಿಸಿ ಎಡಗಡೆಗೆ ಸರಿಸುತ್ತಿದ್ದಳು. ದಿನಾ ಕಣ್ಣೆದುರಿಗೇ ಇತ್ತು. ನಮ್ಮ ಮನೆಗಳಲ್ಲಿ ಕ್ರೋಶಾ ಬಟ್ಟೆಯನ್ನು ಯಾರು ಗಮನಿಸುತ್ತಾರೆ? ಅದು ಜಾಳು ಬಟ್ಟೆ, ಗಾಳಿ ತಡೆಯುವಂಥದ್ದಲ್ಲ. ಆದರೆ ಅದರ ಮಡಿಕೆಯೊಳಗೆ ಬೆರಳಿಗೆ ಏನೋ ದಪ್ಪಗೆ ತಗುಲಿತು. ಎಳೆದೆ. ಬೆರಳುದ್ದದ ಉಣ್ಣೆಯ ಸುರುಳಿ, ಬಾಗಿಲ ಸಂದಿಗೆ ಇಡುವಂಥದ್ದರ ಮರಿ. ಯಂತ್ರದ ಎಡಗಡೆಯ ಗಾಳಿಕಂಡಿಗೆ ಸರಿಯಾಗಿ ತುರುಕಿಟ್ಟಿತ್ತು. ಒಲೆಯಿಂದ ತೆಗೆದ ಬ್ರೆಡ್ಡಿನಷ್ಟು ಬಿಸಿ.

"ವಿದಾ! ಇದೇನೇ ಇದು?"

"ಅಯ್ಯೋ, ಅದನ್ಯಾಕೆ ತೆಗೆದೆ? ಇಡು, ಇಡು. ಅದು ನಿನಗೆ."

"ನನಗಾ?"

"ಮತ್ತೆ? ಅದು ಎಡಗಡೆಯಿಂದ ಗಾಳಿ ಊದುತ್ತೆ, ನೀನು ಎಡಗಡೆನೇ ಕೂರ್ತೀಯ. ಸೋಫಾ ತಗ್ಗು, ಗಾಳಿ ನೇರ ನಿನ್ನ ಕತ್ತಿಗೇ ಬಡಿಯುತ್ತೆ. ಹೋದ ಚಳಿಗಾಲ ಕತ್ತು ಹಿಡ್ಕೊಂಡು ಎಷ್ಟು ಒದ್ದಾಡಿದ್ದೆ, ಎಣ್ಣೆ ಹಚ್ಚಿದ್ದು ಯಾರು? ಅದಕ್ಕೇ ನೀನು ಬಂದ ತಕ್ಷಣ ಇಡ್ತೀನಿ, ಹೋದ್ಮೇಲೆ ತೆಗೀತೀನಿ."

"ಬಿಸಿ ಗಾಳಿ ಕಣೇ ಅದು!"

"ಬಿಸಿಯಾದ್ರೇನು? ಗಾಳಿ ಗಾಳಿನೇ. ಹಿಂದೆ ಇನ್ನೊಂದು ಕಂಡಿ ಇದೆಯಲ್ಲ, ಒಂದು ಮುಚ್ಚಿದ್ರೆ ಅದಕ್ಕೇನು ಉಸಿರು ಕಟ್ಟುತ್ತಾ?"

ಉಸಿರೇ ಕಟ್ಟುತ್ತಿತ್ತು. ಬಾಯಿ ತುಂಬ ಬೈಯಬೇಕೆಂದುಕೊಂಡೆ, ಆಗಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. "ನನ್ನ ಕಣ್ಣು ಕೆಟ್ಟದ್ದು ಅಂತ ದಾರ ಕಟ್ಟಿದೆ, ನನ್ನ ಕತ್ತು ಕೆಡಬಾರ್ದು ಅಂತ ಉಣ್ಣೆ ತುರುಕಿದೆ. ನಿನ್ನನ್ನ ಏನಂತ ಬೈಲಿ ಹೇಳು?" ಎಂದೆ. ವಿದಾ ಕೆಂಪಾದಳು. "ಯಾಗೊದಾ ಹೇಳಿದ್ಲು ಅಂತ..." ಎಂದಳು. ಯಾಗೊದಾ ಹೇಳಿದಳಂತೆ! ಆದರೂ ಆ ಕ್ಷಣಕ್ಕೆ ನನ್ನ ಒಳಗೆ ತಣ್ಣಗಾಗಿತ್ತು. ಅಷ್ಟು ದಿನ ಅವಳು ಸೋತದ್ದು ನನ್ನ ಕತ್ತಿಗಾಗಿ. ಆ ಹೊಲಿಗೆಯವಳಿಗಾಗಿ ಇವಳು ಏನು ಸೋತಿದ್ದಾಳೆ?

ಸುರುಳಿಯನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ಸೋಫಾ ಬಿಟ್ಟು, ಸ್ಟೂಲು ತಂದು ಅವಳ ಬಲಗಡೆ ಕೂತೆ. ಜ್ವರ ಇಳಿದ ಹಾಗೆ ಡಿಗ್ರಿ ಇಳಿಯಿತು. ಸೈನಿಕರು ಎದ್ದು ಓಡಿದರು.

ಭಾನುವಾರ ನಾನು ಬಲಗಡೆಯೇ ಕೂತೆ. ಪಂದ್ಯ ಶುರುವಾಗುವ ಮೊದಲು ಯಾಗೊದಾ ಕೇಳಿದಳು, "ಅಕ್ಕಾ, ಅವಳು ಬಂದಿಲ್ಲ ತಾನೆ?"

"ಬಂದಿದಾಳೆ. ಪಕ್ಕದಲ್ಲೇ ಕೂತಿದಾಳೆ. ಯಂತ್ರ ಸರಿಮಾಡಿದ್ದೂ ಅವಳೇ. ಇನ್ನೊಂದು ಸಲ ಅವಳ ಕಣ್ಣಿನ ಸುದ್ದಿ ಎತ್ತಿದ್ರೆ ಕೋಟೆ ನೀವೇ ಕಾಯ್ಕೊಳ್ಳಿ" ಎಂದಳು ವಿದಾ, ಅದೇ ನಿಲ್ದಾಣದ ದನಿಯಲ್ಲಿ.

ಅತ್ತಲಿಂದ ಯಾಗೊದಾ, "ತಪ್ಪಾಯ್ತು. ನಮಸ್ಕಾರ ದೇಸಕ್ಕಾ." ನೋಡಿ, ನಾನೂ ಅಕ್ಕನಾದೆ!

ವಿದಾ ಆ ದಿನ ಮಾತಾಡಿದ ಹಾಗೆ ನಿಲ್ದಾಣದಲ್ಲೂ ಮಾತಾಡಿರಲಿಲ್ಲ. ಉತ್ತರದ ಬಾಗಿಲು ಬಿತ್ತು, ಬುರುಜು ಬಿತ್ತು. ಅವಳ ದನಿ ಒಂದು ಎಳೆಯೂ ನಡುಗಲಿಲ್ಲ. ಉಳಿದ ಮೂವರೂ ಸತ್ತು ಕೊನೆಗೆ ಕೋಟೆಯೊಳಗೆ ಅವಳು ಮತ್ತು ಯಾಗೊದಾ ಇಬ್ಬರೇ. "ನನ್ನ ಬೆನ್ನಿಗೇ ಇರು, ಬಿಟ್ಟು ಹೋಗ್ಬೇಡ" ಎಂದು ಇವಳು, "ಎಲ್ಲಿಗೆ ಹೋಗ್ಲಿ ಅಕ್ಕಾ, ಇಲ್ಲೇ ಇದೀನಿ" ಎಂದು ಅವಳು. ನಾನು ಡಿಗ್ರಿ ನೋಡುತ್ತ ಕೂತಿದ್ದೆ. ಯಂತ್ರ ತಣ್ಣಗಿತ್ತು, ನನ್ನ ಮೈಯೇ ಉರಿಯುತ್ತಿತ್ತು. ಆ ಕಂಡಿ ತೆರೆದುಕೊಟ್ಟವಳು ನಾನು. ಅವರಿಬ್ಬರಿಗೂ ಸರಾಗವಾಗಿ ಉಸಿರಾಡಲು ದಾರಿ ಮಾಡಿಕೊಟ್ಟವಳು ನಾನು.

ಪರದೆಯ ತುಂಬ ಬಾಣಬಿರುಸು ಹಾರಿತು. ಗೆದ್ದಿದ್ದರು. ವಿದಾ ಕುರ್ಚಿಯಿಂದ ಎದ್ದವಳೇ ನನ್ನ ಮೇಲೆ ಬಿದ್ದು, ಎರಡೂ ಕೈಯಿಂದ ನನ್ನನ್ನು ಬಿಗಿಯಾಗಿ ತಬ್ಬಿಕೊಂಡಳು. ಅವಳ ಕೆನ್ನೆ ನನ್ನ ಕೆನ್ನೆಗೆ ಒತ್ತಿತ್ತು, ಕಣ್ಣೀರು ನನ್ನ ಅಂಗಿಯ ಮೇಲೆ ಸುರಿಯುತ್ತಿತ್ತು.

"ಗೆದ್ವಿ ಕಣೇ ಯಾಗೊದಾ!" ಎಂದು ನನ್ನ ಕಿವಿಯೊಳಗೆ ಕೂಗಿದಳು. "ಯಾಗೊದಾ, ನನ್ನ ಬಂಗಾರಿ, ಗೆದ್ವಿ!"

ನಾನು ಬಿಡಿಸಿಕೊಳ್ಳಲಿಲ್ಲ. ಅವಳನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡೆ.