ಬಿಟ್ಟುಹೋಗಿದ್ದ ಮೂರನೆಯ ಉತ್ತರ

ರಕ್ತನಿಧಿಯಲ್ಲಿ ಎಲ್ಲರೂ ಅವಳನ್ನು ಪ್ರೋಗ್ರಾಮಕ್ಕ ಎಂದೇ ಕರೆಯುತ್ತಿದ್ದರು. ಸೇರಿದ್ದು ಮಾತ್ರ ಟೆಕ್ನಿಷಿಯನ್ ಆಗಿ. ಒಂದೇ ವಿವರವನ್ನು ಮೂರು ರಿಜಿಸ್ಟರುಗಳಲ್ಲಿ ಬರೆದು ಬರೆದು ಬೆರಳು ಜಡ್ಡುಗಟ್ಟಿದ ಮೇಲೆ, ಊಟದ ಬಿಡುವಿನಲ್ಲಿ ದಪ್ಪ ಪುಸ್ತಕವೊಂದನ್ನು ಮಗ್ಗಿಯಂತೆ ಉರುಹೊಡೆದು ಪ್ರೋಗ್ರಾಮಿಂಗ್ ಕಲಿತಳು. ಹನ್ನೆರಡು ವರ್ಷಗಳಿಂದ ಪ್ರತಿ ಚೀಲದ ಮೇಲೂ ರಕ್ತದ ಗುಂಪಿನ ಲೇಬಲ್ ಅಚ್ಚಾಗುತ್ತಿದ್ದದ್ದು ಅವಳ ಪ್ರೋಗ್ರಾಮಿನಿಂದಲೇ. ಅದು ಒಮ್ಮೆಯೂ ಎಡವಿರಲಿಲ್ಲ.

ಮುಂದಿನ ಸೋಮವಾರ ಹೊಸ ಪರೀಕ್ಷಾ ಯಂತ್ರ ಶುರುವಾಗಲಿತ್ತು. ಇಷ್ಟು ದಿನ ಟೆಕ್ನಿಷಿಯನ್ ಕಣ್ಣಾರೆ ನೋಡಿ ಕೈಯಾರೆ ತುಂಬುತ್ತಿದ್ದ ಫಲಿತಾಂಶ ಇನ್ನು ಯಂತ್ರದಿಂದ ನೇರವಾಗಿ ಪ್ರೋಗ್ರಾಮಿಗೆ ಇಳಿಯುತ್ತದೆ, ನಡುವೆ ಮನುಷ್ಯನಿಲ್ಲ. ಅದಕ್ಕಾಗಿ ಅವಳು ತನ್ನ ಪ್ರೋಗ್ರಾಮಿಂಗ್ ಭಾಷೆಯ ಹೊಸ ಆವೃತ್ತಿಯನ್ನು ಒಲ್ಲದ ಮನಸ್ಸಿನಿಂದ ಹಾಕಿಕೊಂಡಳು.

"ಹೊಸದರಲ್ಲಿ ಅಗಸ ಎತ್ತೆತ್ತಿ ಒಗೀತಾನಂತೆ. ಇದೂ ಅಷ್ಟೇ ಸಾರ್," ಎಂದಳು ಪಕ್ಕದ ಮೇಜಿನ ಹಿರಿಯ ಟೆಕ್ನಿಷಿಯನ್ನರಿಗೆ. ಮಸೂರದಡಿ ಹಿಡಿಯದೆ ಯಾವ ಕೊಳವೆಯನ್ನೂ ನಂಬದ ಅವರಿಗೆ ಭೂತಗನ್ನಡಿ ಎಂಬ ಅಡ್ಡಹೆಸರಿತ್ತು.

"ಸೇರಿದ ವರ್ಷ ನೀವೂ ಹಾಗೇ ಒಗೀತಿದ್ರಲ್ಲಮ್ಮ, ಟ್ಯೂಬುಗಳನ್ನ. ಎಷ್ಟು ಒಡೆದ್ರಿ ಅಂತ ಈಗ್ಲೂ ನೆನಪಿದೆ."

ಹಳೆಯ ಆವೃತ್ತಿ ತಪ್ಪಾದರೆ ಒಂದು ಸಂಖ್ಯೆಯನ್ನು ಮುಖಕ್ಕೆ ಎಸೆದು ಸುಮ್ಮನಾಗುತ್ತಿತ್ತು. ಹೊಸದು ತಪ್ಪಿದ ಸಾಲಿನಡಿ ಗೆರೆ ಎಳೆದು, ಏನು ಸರಿಯಿಲ್ಲವೆಂದು ಪೂರ್ಣ ವಾಕ್ಯದಲ್ಲಿ ಹೇಳುತ್ತಿತ್ತು. ಅವಳ ಮುನಿಸು ಅಲ್ಲಿಗೇ ಅರ್ಧ ಇಳಿಯಿತು. ಅದರಲ್ಲಿ ಇನ್ನೊಂದು ಸೌಲಭ್ಯವಿತ್ತು: ಬರಬಹುದಾದ ಉತ್ತರಗಳನ್ನೆಲ್ಲ ಮೊದಲು ಪಟ್ಟಿ ಮಾಡಿ, ಒಂದೊಂದಕ್ಕೂ ಏನು ಮಾಡಬೇಕೆಂದು ಬರೆಯುವುದು. ಆರ್‌ಎಚ್ ಪರೀಕ್ಷೆಗೆ ಯಂತ್ರದ ಕೈಪಿಡಿಯಲ್ಲಿದ್ದ ಮೂರು ಉತ್ತರಗಳನ್ನೂ ಅವಳು ನಕಲಿಳಿಸಿದಳು: ಪಾಸಿಟಿವ್, ನೆಗೆಟಿವ್, ಮತ್ತು ಪಾಸಿಟಿವ್ ಗುರುತು ಮಸುಕಾಗಿ ಕಂಡರೆ ವೀಕ್. ಅಲ್ಲಿ 'ಇಲ್ಲದಿದ್ದರೆ' ಎಂದು ಬರೆಯುವಂತಿರಲಿಲ್ಲ; ತನ್ನ ಹಳೆಯ ನಿಯಮವನ್ನು ಪಾಸಿಟಿವ್‌ಗೊಂದು, ನೆಗೆಟಿವ್‌ಗೊಂದು ಎಂದು ಬಿಡಿಸಿ ಅದರ ಕೆಳಗಿಟ್ಟು ಓಡಿಸಿದಳು.

ಪ್ರೋಗ್ರಾಮು ಹೊರಡಲೇ ಇಲ್ಲ. 'ವೀಕ್' ಬಂದರೆ ಏನು ಮಾಡಬೇಕೆಂದು ನೀವು ತಿಳಿಸಿಲ್ಲ ಎಂದಿತು ಪರದೆ.

ಅವಳು ಹಳೆಯ ಸಾಲನ್ನು ತೆಗೆದು ನೋಡಿದಳು. ಪಾಸಿಟಿವ್ ಆಗಿದ್ದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ಅದರೊಳಗೆ 'ವೀಕ್' ಬಂದಿದ್ದರೆ ಸದ್ದಿಲ್ಲದೆ ನೆಗೆಟಿವ್ ಎಂದು ಅಚ್ಚಾಗಿ, ಆ ಚೀಲ ಕೊಡಬಾರದ ರೋಗಿಯ ಮೈಗೆ ಹೋಗುತ್ತಿತ್ತು. ಅವಳು ಎದ್ದು ಪಕ್ಕದ ಮೇಜಿಗೆ ಹೋದಳು.

"ಸಾರ್, ವೀಕ್ ಬಂದ್ರೆ ನೀವು ಏನಂತ ತುಂಬ್ತಿದ್ರಿ?"

"ದಾನಿ ಆದ್ರೆ ಪಾಸಿಟಿವ್, ರೋಗಿ ಆದ್ರೆ ನೆಗೆಟಿವ್, ಎರಡು ಕಡೆಗೂ ಅದೇ ಸೇಫು. ಅದರಲ್ಲೇನಿದೆ?"

"ಇಷ್ಟು ವರ್ಷ ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ನೀವು ಕೇಳ್ಬೇಕಿತ್ತಲ್ಲ ತಾಯಿ! ನಿಮ್ಮ ಪ್ರೋಗ್ರಾಮಿನ ಹೊಟ್ಟೇಲಿ ಏನಿದೆ ಅಂತ ನಂಗೇನು ಕನಸು ಬೀಳುತ್ತಾ?"

ಅವಳು ಬಂದು ಮತ್ತೆ ಪರದೆಯ ಮುಂದೆ ಕುಳಿತಳು. ಈ ಭಾಷೆಗೆ ರಕ್ತವೆಂದರೇನೆಂದು ತಿಳಿಯದು. ಅದು ಬರೀ ಎಣಿಸಿತ್ತು, ಮೂರು ಉತ್ತರಕ್ಕೆ ಎರಡೇ ನಿಯಮವೆಂದು. ಇದರಲ್ಲಿ ಪವಾಡವೇನೂ ಇಲ್ಲವೆಂದು ಅವಳಿಗೂ ಗೊತ್ತಿತ್ತು. ಆದರೂ ಮೈ ಜುಮ್ಮೆಂದಿತು. ಎಲ್ಲೋ ಕುಳಿತ ಯಾರೋ, ಅವಳ ಮುಖವನ್ನೂ ಕಾಣದವರು, ಮನುಷ್ಯರು ಮರೆಯುತ್ತಾರೆಂದು ಒಪ್ಪಿಕೊಂಡು, ಆ ಮರೆವಿಗಿಂತ ಮುಂಚೆಯೇ ಒಂದು ಪ್ರಶ್ನೆಯನ್ನು ಭಾಷೆಯೊಳಗೆ ಹೆಣೆದಿಟ್ಟಿದ್ದರು. ಇತ್ತ, ಕೈಯಳತೆಯ ದೂರದಲ್ಲಿ, ಒಬ್ಬ ಮನುಷ್ಯ ಹನ್ನೆರಡು ವರ್ಷ ಅದರ ಉತ್ತರವನ್ನು ಬೆರಳ ತುದಿಯಲ್ಲಿ ಹೊತ್ತು, ಅದೊಂದು ದೊಡ್ಡ ಸಂಗತಿಯೆಂದು ಎಣಿಸದೆ ಕೆಲಸ ಮಾಡಿದ್ದರು. ಎರಡರಲ್ಲಿ ಯಾವುದು ಹೆಚ್ಚಿನ ಬೆರಗೆಂದು ಅವಳಿಗೆ ಹೊಳೆಯಲಿಲ್ಲ.

ತಡೆಯದೆ ಇಡೀ ಪ್ರೋಗ್ರಾಮಿನಲ್ಲಿ 'ಇಲ್ಲದಿದ್ದರೆ'ಗಳನ್ನು ಹುಡುಕಿದಳು. ಇನ್ನೂ ಹತ್ತೊಂಬತ್ತು ಸಿಕ್ಕವು. ಅಂದು ಗುರುವಾರ.

"ಸಾರ್, ಕುರ್ಚಿ ಈ ಕಡೆ ಎಳ್ಕೊಳ್ಳಿ. ನಿಮ್ಮ ತಲೇಲಿರೋದೆಲ್ಲ ಈಗ ಹೊರಗೆ ಬರ್ಬೇಕು."

"ಎಲ್ಲಾನಾ? ನನ್ನ ಹೆಂಡ್ತಿಗೇ ಅದು ಆಗಿಲ್ಲ."

ಶನಿವಾರ ಸಂಜೆಯ ಹೊತ್ತಿಗೆ ಹತ್ತೊಂಬತ್ತೂ ಮುಗಿದವು. ಅವುಗಳಲ್ಲಿ ನಾಲ್ಕು ನಿಯಮಗಳು ಅವರ ತಲೆಯಲ್ಲಲ್ಲದೆ ಬೇರೆಲ್ಲೂ ಇರಲಿಲ್ಲ.

ಸೋಮವಾರ ಏಳನೆಯ ದಾನಿಯ ರಕ್ತಕ್ಕೆ ಯಂತ್ರ 'ವೀಕ್' ಎಂದಿತು. ಇಬ್ಬರೂ ಪ್ರಿಂಟರಿನ ಬಾಯಿಯನ್ನೇ ನೋಡುತ್ತ ನಿಂತರು. ಹೊರಬಂದ ಲೇಬಲ್ಲಿನ ಮೇಲೆ ಪಾಸಿಟಿವ್ ಎಂದಿತ್ತು. ಅವಳು ಅದನ್ನು ತಾನೇ ಚೀಲಕ್ಕೆ ಅಂಟಿಸಿ, ಅಂಚುಗಳನ್ನು ಎರಡೆರಡು ಸಲ ಒತ್ತಿದಳು.